ಕುಕಿ ಮೀಮಾಂಸೆ: ನಾಲ್ಕು ತಾಲ್ಲೂಕುಗಳ ಆಕರಗಳಿಂದ ಒಂದು ನಿರ್ಣಯ

ಜಾಲತಾಣಕ್ಕೆ ಕುಕಿ ಒಪ್ಪಿಗೆಯ ಸಾಧನವೊಂದನ್ನು ಆರಿಸುವುದು ಹೇಗೆ ಎಂಬ ಗಹನವಾದ ಪ್ರಶ್ನೆಯನ್ನು ಇದುವರೆಗೆ ಅಂಥ ಸಾಧನ ಮಾರುವ ಕೋಪನ್‌ಹೇಗನ್ನಿನವರೂ ಅಟ್ಲಾಂಟಾದವರೂ ತಮ್ಮತಮ್ಮೊಳಗೇ ಚರ್ಚಿಸಿಕೊಂಡು ಬಂದಿದ್ದಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಕಡೆ ಯಾರೂ ತಿರುಗಿಯೂ ನೋಡಿಲ್ಲ. ಇದರಿಂದ ಶಾಸ್ತ್ರಕ್ಕೆ ಆಗಿರುವ ನಷ್ಟ ಸಣ್ಣದಲ್ಲ. ಒಪ್ಪಿಗೆ ಪಡೆಯುವುದು, ಪಡೆದದ್ದನ್ನು ಬರೆದಿಡುವುದು, ಪಡೆಯದೆಯೇ ಪಡೆದೆವೆಂದು ಬರೆದಿಡುವುದು, ಈ ಮೂರು ವಿದ್ಯೆಗಳಲ್ಲೂ ಈ ಸೀಮೆಗೆ 1,200 ವರ್ಷ ಮೀರಿದ ಲಿಖಿತ ಪರಂಪರೆಯಿದೆ. ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇಷ್ಟೇ: ಸಾಧನದ ಯೋಗ್ಯತೆ ಗೊತ್ತಾಗುವುದು ಒಲ್ಲೆ ಎಂದವರನ್ನು ಅದು ಹೇಗೆ ನಡೆಸಿಕೊಳ್ಳುತ್ತದೆ ಎಂಬುದರಲ್ಲಿ. ಹೂಂ ಎಂದವರನ್ನು ಎಲ್ಲರೂ ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಈ ಪ್ರಬಂಧದ ಫಲಶ್ರುತಿ ಪಾಂಡವಪುರದ ಆಸುಪಾಸಿನಲ್ಲಿ ಆಲೆಮನೆ ನಡೆಸಿ ಬೆಲ್ಲವನ್ನು ನೆಟ್‌ನಲ್ಲಿ ಮಾರಹೊರಟವರಿಗೂ, ರಂಗನತಿಟ್ಟಿನ ಹಕ್ಕಿ ನೋಡಲು ಬಂದವರಿಗೆ ಹೋಮ್‌ಸ್ಟೇ ನಡೆಸುವವರಿಗೂ ಸಲ್ಲುತ್ತದೆ.

ಪೀಠಿಕೆ ಚಿಕ್ಕದು. ಕುಕಿಯನ್ನು 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮಾಂಟುಲಿ ಹುಟ್ಟುಹಾಕಿದರು. ಗಿರಾಕಿ ಬುಟ್ಟಿಗೆ ಹಾಕಿಕೊಂಡದ್ದೇನು ಎಂಬುದು ಪುಟ ಬದಲಾದೊಡನೆ ಅಂಗಡಿಗೆ ಮರೆತುಹೋಗುತ್ತಿತ್ತು. ಅದನ್ನು ನೆನಪಿಡಲು ಗಿರಾಕಿಯ ಕಂಪ್ಯೂಟರಿನಲ್ಲೇ ಇಟ್ಟ ಪುಟ್ಟ ಚೀಟಿ ಅದು. ಬರಬರುತ್ತಾ ಚೀಟಿ ಓದುವ ಅಭ್ಯಾಸ ಜಾಹೀರಾತಿನವರಿಗೂ ಅಂಟಿ, ಬೆಲ್ಲ ನೋಡಿ ಸುಮ್ಮನೆ ಹೋದವನನ್ನು ಬೆಲ್ಲವೇ ವಾರಗಟ್ಟಲೆ ಹಿಂಬಾಲಿಸತೊಡಗಿತು. ಮೊದಲು ಕೇಳಿ, ಆಮೇಲೆ ಚೀಟಿ ಇಡಿ ಎಂದು ಯೂರೋಪು 2009ರಲ್ಲಿ ಕಾನೂನು ತಿದ್ದಿತು. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಾಗದು ಎಂದು ಅಲ್ಲಿನ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ತೀರ್ಪು ಕೊಟ್ಟಿತು. ನಮ್ಮಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಬಂದವು. ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಕಾಯ್ದೆಯಲ್ಲಿ ಕುಕಿಯ ಹೆಸರೇ ಇಲ್ಲ, ಯೂರೋಪಿನ ತಲೆನೋವಿಗೆ ಮೇಲುಕೋಟೆಯವರು ಪಟ್ಟು ಹಾಕಿಕೊಳ್ಳುವುದೇಕೆ? ಹೆಸರಿಲ್ಲ ಎಂಬುದು ನಿಜ. ಆದರೆ ಆಸಾಮಿಯ ಗುರುತು ಹಿಡಿಯುವ ಚೀಟಿ ವೈಯಕ್ತಿಕ ದತ್ತಾಂಶವೇ ಆಗುತ್ತದೆ, ಮತ್ತು ಕಾಯ್ದೆಯ ಮುಖ್ಯ ಹೊಣೆಗಳು 2027ರ ಮೇ ತಿಂಗಳಲ್ಲಿ ಜಾರಿಗೆ ಬರುತ್ತವೆ. ಕೊಕ್ಕರೆ ತೋರಿಸುತ್ತೇವೆಂದು ಜರ್ಮನಿಯವರನ್ನು ಕರೆದು ಯೂರೋದಲ್ಲಿ ಬಾಡಿಗೆ ಹಾಕಿದ ಹೋಮ್‌ಸ್ಟೇ ಅಲ್ಲಿನ ಕಾನೂನಿನ ಕೈಗೂ ಸಿಗುತ್ತದೆ.

ಒಪ್ಪಿಗೆ ಹೇಗಿರಬಾರದು ಎಂಬುದಕ್ಕೆ ಶ್ರೀರಂಗಪಟ್ಟಣದಷ್ಟು ಸಮೃದ್ಧ ಆಕರ ಇನ್ನೊಂದಿಲ್ಲ. 1792ರ ಮಾರ್ಚ್ 18ರ ಒಪ್ಪಂದದಲ್ಲಿ ಲಾರ್ಡ್ ಕಾರ್ನ್‌ವಾಲಿಸ್, ಕುಕಿ ಹುಟ್ಟುವುದಕ್ಕೆ 202 ವರ್ಷ ಮೊದಲೇ, ಒಪ್ಪಿಗೆ ಕೇಳುವ ಕೆಟ್ಟ ಬ್ಯಾನರಿನ ಸಕಲ ಲಕ್ಷಣಗಳನ್ನೂ ನಿರೂಪಿಸಿಬಿಟ್ಟಿದ್ದಾನೆ. ಮೊದಲ ಲಕ್ಷಣ ಗೋಡೆ. ಒಪ್ಪುವವರೆಗೆ ಪುಟವನ್ನೇ ತೋರಿಸದ ಬ್ಯಾನರುಗಳಿವೆಯಲ್ಲ, ಕಾವೇರಿಯ ದ್ವೀಪದ ಸುತ್ತ ಮೂರು ಕಡೆಯವರ ದಂಡು ಕೂತಾಗ ಟಿಪ್ಪುವಿನ ಮುಂದೆ ಬಂದ ಕಾಗದವೂ ಅದೇ ಜಾತಿಯದು. ಆಯ್ದ ಷರತ್ತುಗಳನ್ನಷ್ಟೇ ಒಪ್ಪುವ ಅಂಕಣ ಅದರಲ್ಲಿರಲಿಲ್ಲ. ಎರಡನೆಯದು, ಸಹಿಗೆ ಮುಂಚಿನ ವಸೂಲಿ. ಪ್ರಾಥಮಿಕ ಕರಾರಿನ ಮೇಲೆ ಟಿಪ್ಪುವಿನ ಇಬ್ಬರು ಎಳೆಯ ಮಕ್ಕಳು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸ್‌ನ ಬಿಡಾರ ಸೇರಿದ್ದು ಫೆಬ್ರವರಿ 26ರಂದು, ಅಂತಿಮ ಸಹಿಗೆ ಮೂರು ವಾರ ಮೊದಲು. ಬ್ಯಾನರ್ ಕಣ್ಣಿಗೆ ಬೀಳುವಷ್ಟರಲ್ಲಿ ಕುಕಿ ಇಳಿಸಿಯಾಗಿರುವ ಜಾಲತಾಣಗಳು ನಡೆದಿರುವುದು ಇದೇ ಮಾರ್ಗದಲ್ಲಿ. ಮೂರನೆಯದು, ಪಡೆದದ್ದನ್ನು ಪಾಲುದಾರರಿಗೆ ಹಂಚುವುದು: ರಾಜ್ಯದ ಅರ್ಧಭಾಗ ಈಸ್ಟ್ ಇಂಡಿಯಾ ಕಂಪನಿಗೂ ನಿಜಾಮನಿಗೂ ಮರಾಠರಿಗೂ ಹಂಚಿಹೋಯಿತು, ಮೇಲೆ 3 ಕೋಟಿ 30 ಲಕ್ಷ ರೂಪಾಯಿ ಬೇರೆ. ಇಂದಿನ ಬ್ಯಾನರುಗಳಲ್ಲಿ "ನಮ್ಮ ಪಾಲುದಾರರು" ಎಂಬ ಕೊಂಡಿ ಒತ್ತಿದರೆ ನೂರಾರು ಹೆಸರು ಬಿಚ್ಚಿಕೊಳ್ಳುವುದನ್ನು ಕಂಡವರು ಮೂವರಲ್ಲೇ ಮುಗಿಸಿದ ಕಾರ್ನ್‌ವಾಲಿಸ್‌ನ ಸಂಯಮವನ್ನು ಮೆಚ್ಚಬೇಕಾಗುತ್ತದೆ. ಇನ್ನು ಮಕ್ಕಳ ವಿಚಾರ. ಹದಿನೆಂಟು ತುಂಬದವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸಲು ಬರುವಂತಿರಬೇಕು ಎನ್ನುತ್ತದೆ 2023ರ ಕಾಯ್ದೆ. 1792ರಲ್ಲಿ ತಂದೆಯ ಒಪ್ಪಿಗೆಯೂ ಇತ್ತು, ಬೇಕಾದವರು ಪರಿಶೀಲಿಸಬಹುದಿತ್ತು ಕೂಡ. ಆದರೂ ಅದು ಒಪ್ಪಿಗೆ ಅನ್ನಿಸಿಕೊಳ್ಳದು, ಏಕೆಂದರೆ ಕಾಯ್ದೆಯ 6ನೆಯ ಸೆಕ್ಷನ್ ಒಪ್ಪಿಗೆಗೆ ಹೇಳುವ ಮೊದಲ ಗುಣ ಅದು ಮುಕ್ತವಾಗಿ ಕೊಟ್ಟದ್ದಾಗಿರಬೇಕು ಎಂಬುದು. ಮಕ್ಕಳನ್ನು 1794ರಲ್ಲಿ ಹಿಂದಿರುಗಿಸಿದರಲ್ಲ, ಹಾಗಾದರೆ ಒಪ್ಪಿಗೆ ವಾಪಸು ಪಡೆಯುವ ಸೌಲಭ್ಯ ಇದ್ದಂತಾಯಿತಲ್ಲ ಎಂದು ಯಾರಾದರೂ ವಾದಿಸಬಹುದು. ಬಾಕಿ ತೀರಿಸಿ ವಾಪಸು ತರುವುದು ಅಡವು ಬಿಡಿಸಿಕೊಳ್ಳುವ ಕ್ರಮ. ಅದರಲ್ಲಿ ಸೌಲಭ್ಯವೇನೂ ಇಲ್ಲ.

ಕಾರ್ನ್‌ವಾಲಿಸ್‌ನದು ಒರಟು ಶೈಲಿ, ಈಗಿನವರದು ನಯ. "ಎಲ್ಲವನ್ನೂ ಒಪ್ಪುತ್ತೇನೆ" ಎಂಬ ಬಟನ್ ಹಸಿರಾಗಿ, ಅಗಲವಾಗಿ ಮುಂದೆ ನಿಂತಿರುತ್ತದೆ. ನಿರಾಕರಣೆ ಬೂದು ಅಕ್ಷರದ ಕೊಂಡಿಯ ಹಿಂದೆ, ಇನ್ನೆರಡು ಪುಟ ಒಳಗೆ. ಮಂಡ್ಯ ಕಡೆಯ ಬೀಗರೂಟದಲ್ಲಿ ಕೂತವರಿಗೆ ಈ ತಂತ್ರದ ಪರಿಚಯವಿದೆ: ಸಾಕು ಸಾಕು ಎಂದು ಎಲೆಗೆ ಅಡ್ಡ ಹಿಡಿದ ಬೆರಳುಗಳ ಸಂದಿಯಲ್ಲೇ ಸಾರು ಇಳಿಯುತ್ತದೆ, ಕೈ ಇಲ್ಲದ ಮೂಲೆಗೆ ಇನ್ನೊಂದು ಮುದ್ದೆ ಬೀಳುತ್ತದೆ. ಅಲ್ಲಿ ಬಡಿಸುವವನಿಗೆ ಲಾಭವಿಲ್ಲ, ಇಲ್ಲಿ ಇದೆ ಎಂಬುದಷ್ಟೇ ವ್ಯತ್ಯಾಸ. ಎಷ್ಟು ಲಾಭ ಎಂಬುದನ್ನೂ ಲೆಕ್ಕ ಹಾಕಿದ್ದಾರೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ನಿರಾಕರಿಸುವ ಬಟನನ್ನು ಮೊದಲ ಪುಟದಿಂದ ತೆಗೆದದ್ದೇ ತಡ ಒಪ್ಪಿಗೆಯ ಪ್ರಮಾಣ ಶೇಕಡಾವಾರು ಲೆಕ್ಕದಲ್ಲಿ 22ರಿಂದ 23 ಅಂಶ ಏರಿತು. ಅದೇ ಅಧ್ಯಯನ ಬ್ರಿಟನ್ನಿನ ಜನಪ್ರಿಯ ತಾಣಗಳಲ್ಲಿ ಐದು ಹೆಸರಾಂತ ಒಪ್ಪಿಗೆ ಸಾಧನಗಳನ್ನು ಪರೀಕ್ಷಿಸಿದಾಗ, ಕಾನೂನಿನ ಕನಿಷ್ಠ ಅಗತ್ಯಗಳನ್ನು ಪೂರೈಸಿದ ತಾಣಗಳು ಶೇ. 11.8 ಮಾತ್ರ. ಸಾಧನ ಕೊಂಡರೆ ಕಾನೂನು ಪಾಲಿಸಿದಂತೆ ಎಂದು ನಂಬಿದವರು ಈ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳಬಹುದು. ಜನ ಹೇಗೂ ಓದದೆ ಒತ್ತುತ್ತಾರೆ, ಬಟನ್ ಎಲ್ಲಿದ್ದರೇನು ಎಂಬ ಆಕ್ಷೇಪಕ್ಕೂ ಇದರಲ್ಲೇ ಉತ್ತರವಿದೆ: ಓದದೆ ಒತ್ತುವವರಾದ್ದರಿಂದಲೇ ಎದುರಿಗೆ ಏನಿಟ್ಟಿದ್ದಾರೆ ಎಂಬುದು ಎಲ್ಲವನ್ನೂ ತೀರ್ಮಾನಿಸುತ್ತದೆ. ಫ್ರಾನ್ಸಿನ ದತ್ತಾಂಶ ಸಂರಕ್ಷಣಾ ಪ್ರಾಧಿಕಾರವಾದ ಸಿಎನ್‌ಐಎಲ್ ಸಂಸ್ಥೆ ಇದನ್ನು ಗ್ರಹಿಸಿ, ಒಪ್ಪುವುದಕ್ಕೆ ಒಂದು ಕ್ಲಿಕ್, ಒಲ್ಲೆ ಎನ್ನುವುದಕ್ಕೆ ಹಲವು ಕ್ಲಿಕ್ ಇಟ್ಟಿದ್ದಕ್ಕಾಗಿ 2022ರ ಜನವರಿಯಲ್ಲಿ ಗೂಗಲ್‌ಗೆ 15 ಕೋಟಿ ಯೂರೋ, ಫೇಸ್‌ಬುಕ್‌ಗೆ 6 ಕೋಟಿ ಯೂರೋ ದಂಡ ಹಾಕಿದ ಸುದ್ದಿ ಹೊರಗಿಟ್ಟಿತು.

ಇನ್ನು ಶಾಸನಗಳು. ಬಿ.ಎಲ್. ರೈಸ್ 1898ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ದಾಖಲೆಗಳಿವೆ. ಗಂಗ ದೊರೆ ಶ್ರೀಪುರುಷನ ಕಾಲದ, 776ರ ದೇವರಹಳ್ಳಿಯ ತಾಮ್ರಪಟ ನಾಗಮಂಗಲ ತಾಲ್ಲೂಕಿನದು. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1171ರಲ್ಲಿ ಬಮ್ಮವ್ವೆ ನಾಯಕಿತಿ ಬ್ರಹ್ಮೇಶ್ವರ ದೇವಾಲಯ ಕಟ್ಟಿಸುವ ಹೊತ್ತಿಗೆ ದತ್ತಿಯ ಬರವಣಿಗೆ ಪೂರ್ತಿ ಹದಕ್ಕೆ ಬಂದಿತ್ತು. ಕೊಟ್ಟವರು ಯಾರು, ಪಡೆದವರು ಯಾರು, ನಂದಾದೀಪಕ್ಕೆ ಎಷ್ಟು, ನೈವೇದ್ಯಕ್ಕೆ ಎಷ್ಟು, ಗದ್ದೆಯ ನಾಲ್ಕು ಎಲ್ಲೆಗಳಲ್ಲಿ ಯಾವ ಹಳ್ಳ, ಯಾವ ಕಲ್ಲು, ಸಾಕ್ಷಿ ಯಾರು ಎಂಬುದನ್ನೆಲ್ಲ ದತ್ತಿ ಶಾಸನ ಬಿಡಿಬಿಡಿಯಾಗಿ ಹೇಳುತ್ತದೆ. ನಿರ್ದಿಷ್ಟ ಉದ್ದೇಶಕ್ಕೆ, ಬೇಕಾದಷ್ಟಕ್ಕೆ ಮಾತ್ರ ಒಪ್ಪಿಗೆ ಎಂಬ ಇಂದಿನ ಕಾನೂನಿನ ತತ್ತ್ವಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು. "ಬಳಕೆದಾರರ ಅನುಭವ ಸುಧಾರಿಸಲು" ಎಂದು ಬರೆದು ಕೈ ತೊಳೆದುಕೊಳ್ಳುವ ಬ್ಯಾನರನ್ನು ಹನ್ನೆರಡನೆಯ ಶತಮಾನದ ಯಾವ ಸೇನಬೋವನೂ ಒಪ್ಪುತ್ತಿರಲಿಲ್ಲ. ಭಾಷೆಯಲ್ಲೂ ಅಷ್ಟೇ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ನೋಡುವ ಆಯ್ಕೆ ಇರಬೇಕು ಎಂದು ಕಾಯ್ದೆ ಈಗ ಹೇಳುತ್ತಿದೆ. ಕಿಕ್ಕೇರಿ ಸುತ್ತಿನ ಕಲ್ಲುಗಳು ಆಗಲೇ ಕನ್ನಡದಲ್ಲಿದ್ದವು.

ಆದರೂ ಶಾಸನವನ್ನು ಹಾಗೆಯೇ ಸಾಧನವಾಗಿ ಆರಿಸುವಂತಿಲ್ಲ. ಕಲ್ಲಿನ ನೆತ್ತಿಯ ಮೇಲೆ ಸೂರ್ಯಚಂದ್ರರನ್ನು ಕೆತ್ತುವುದು ಅವರಿರುವವರೆಗೆ ದತ್ತಿ ನಡೆಯಲಿ ಎಂದು. ಗೂಗಲ್ ಅನಲಿಟಿಕ್ಸ್ ತನ್ನ ಕುಕಿಗೆ ಕೇಳುವ ಆಯುಷ್ಯ ಎರಡು ವರ್ಷ, ಕ್ರೋಮ್ ಬ್ರೌಸರ್ ಯಾವ ಕುಕಿಗೂ 400 ದಿನಕ್ಕಿಂತ ಹೆಚ್ಚು ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ಅಡ್ಡಿ ಹಿಂತೆಗೆತದ್ದು. ಒಪ್ಪಿಗೆ ಕೊಟ್ಟಷ್ಟೇ ಸಲೀಸಾಗಿ ಅದನ್ನು ವಾಪಸು ಪಡೆಯುವಂತಿರಬೇಕು ಎಂಬುದು ಕಾಯ್ದೆ. ಶಾಸನದ ಕೊನೆಯ ಶಾಪಾಶಯದ ಪ್ರಕಾರವಾದರೋ, ತಾನೇ ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಕಿತ್ತುಕೊಂಡವನು 60,000 ವರ್ಷ ಅಮೇಧ್ಯದ ಹುಳುವಾಗಿ ಬಿದ್ದಿರಬೇಕು. ಹೊಸ ಕಾಯ್ದೆಯ ಗರಿಷ್ಠ ದಂಡ 250 ಕೋಟಿ ರೂಪಾಯಿ, ಅದೂ ಮಾಹಿತಿಗೆ ತಕ್ಕ ಕಾವಲು ಇಡದವರಿಗೆ. ಎರಡರಲ್ಲಿ ಯಾವುದು ಕಠಿಣ ಎಂಬ ಬಗ್ಗೆ ವಿದ್ವಾಂಸರಲ್ಲೂ ಲೆಕ್ಕಪರಿಶೋಧಕರಲ್ಲೂ ಒಮ್ಮತ ಮೂಡುವುದು ಕಷ್ಟ. ಗಮನಿಸಬೇಕಾದ್ದು ಇನ್ನೊಂದು: ಶಾಸನದ ಶಾಪ ಕೊಟ್ಟವನನ್ನೂ ಹೆದರಿಸುತ್ತದೆ, ಕಾಯ್ದೆಯ ದಂಡ ಪಡೆದವನನ್ನು.

ಬಿಟ್ಟಿ ಸಾಧನವೊಂದನ್ನು ಹಾಕಿ ಮುಗಿಸಬಾರದೆ ಎಂಬುದು ಕೊನೆಯ ಪೂರ್ವಪಕ್ಷ. ಹಾಕಬಹುದು. ಆದರೆ ಸಾಧನವೂ ಹೊರಗಿನವನೇ, ಅದೂ ಬಂದವರ ಐಪಿ ವಿಳಾಸ ಬರೆದುಕೊಳ್ಳುತ್ತದೆ. ಜರ್ಮನಿಯ ವೀಸ್‌ಬಾಡನ್ನಿನ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ, ಕುಕಿಬಾಟ್ ಎಂಬ ಒಪ್ಪಿಗೆ ಸಾಧನವೇ ಮಾಹಿತಿಯನ್ನು ಅಮೆರಿಕದ ಕಂಪನಿಯ ಸರ್ವರಿಗೆ ಮುಟ್ಟಿಸುತ್ತಿದೆ ಎಂದು ಒಂದು ವಿಶ್ವವಿದ್ಯಾಲಯ ಅದನ್ನು ಬಳಸದಂತೆ ತಡೆಯಿತು. ಮರು ತಿಂಗಳೇ ಮೇಲಿನ ನ್ಯಾಯಾಲಯ ಆ ಆದೇಶವನ್ನು ತೆಗೆದುಹಾಕಿತು ಎನ್ನುವುದು ಬೇರೆ ಮಾತು. ಇದಕ್ಕಿಂತ ಸಾಮಾನ್ಯವಾದ ದೋಷ, ಬ್ಯಾನರ್ ಅಂದವಾಗಿ ಮುಂದೆ ನಿಂತಿರುವಾಗಲೇ ಜಾಹೀರಾತಿನ ಸ್ಕ್ರಿಪ್ಟು ಬೇರೆ ದಾರಿಯಿಂದ ನುಗ್ಗುವುದು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೂ ಶತ್ರು ಬಂದದ್ದು ಹೆಬ್ಬಾಗಿಲಿನಿಂದಲ್ಲ, ವಾಯವ್ಯದ ಮೂಲೆಯ ಹತ್ತಿರ ಫಿರಂಗಿ ಒಡೆದ ಗೋಡೆಯಿಂದ.

ಹಾಗಾದರೆ ಯಾವ ಮಾದರಿ? ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಉತ್ತರವಿದೆ. ಚೆಲುವನಾರಾಯಣನ ವೈರಮುಡಿ ಕಿರೀಟ ವರ್ಷವಿಡೀ ಇರುವುದು ಮಂಡ್ಯದ ಜಿಲ್ಲಾ ಖಜಾನೆಯಲ್ಲಿ. ಉತ್ಸವದ ದಿನ ಅಧಿಕಾರಿಗಳ ಎದುರಿಗೆ ಹೊರತೆಗೆದು, ಪೊಲೀಸ್ ಕಾವಲಿನಲ್ಲಿ ಬೆಟ್ಟಕ್ಕೆ ಒಯ್ದು, ಆ ಒಂದು ರಾತ್ರಿಯ ಉತ್ಸವಕ್ಕೆ ತೊಡಿಸಿ, ಮತ್ತೆ ಖಜಾನೆಗೆ ತಲುಪಿಸುತ್ತಾರೆ. ಉದ್ದೇಶ ಒಂದೇ, ಅವಧಿ ಗೊತ್ತು, ದಾಖಲೆ ಉಂಟು, ಕೆಲಸ ಮುಗಿದ ಮೇಲೆ ಯಾರ ಬಳಿಯೂ ಉಳಿಯುವುದಿಲ್ಲ. ಬ್ರೌಸರ್ ಮುಚ್ಚಿದೊಡನೆ ಅಳಿಯುವ ಸೆಷನ್ ಕುಕಿ ಎಂದರೆ ಇದೇ. ಗಿರಾಕಿ ಕೇಳಿದ ಸೇವೆಗೆ ಅತ್ಯಗತ್ಯವಾದ ಇಂಥ ಕುಕಿಗೆ ಯೂರೋಪಿನ ಕಾನೂನೂ ಒಪ್ಪಿಗೆ ಕೇಳುವುದಿಲ್ಲ. ಎರಡು ಕೇಜಿ ಅಚ್ಚುಬೆಲ್ಲ ಮಾರುವುದಕ್ಕೆ ಬುಟ್ಟಿಯ ನೆನಪು ಸಾಕು. ಕೊಂಡವನು ಆಮೇಲೆ ಯಾವ ಚಪ್ಪಲಿ ನೋಡಿದ ಎಂಬುದು ಬೇಡ.

ಆದ್ದರಿಂದ ನಿರ್ಣಯ: ಅತ್ಯಗತ್ಯ ಕುಕಿಯ ಹೊರತು ಬೇರೆ ಕುಕಿ ಇಲ್ಲದ ತಾಣಕ್ಕೆ ಯಾವ ಸಾಧನವೂ ಬೇಕಿಲ್ಲ. ಬೇರೆ ಕುಕಿ ಇಟ್ಟೇ ತೀರಬೇಕಾದವರು, ಒಪ್ಪಿಗೆಗೆ ಮುನ್ನ ಸ್ಕ್ರಿಪ್ಟುಗಳನ್ನು ನಿಜವಾಗಿಯೂ ತಡೆಯುವ, ಬೇಡ ಎಂಬ ಬಟನನ್ನು ಮೊದಲ ಪುಟದಲ್ಲೇ ಅಷ್ಟೇ ದೊಡ್ಡದಾಗಿ ಇಡುವ, ಕನ್ನಡದಲ್ಲಿ ಕೇಳುವ, ಮನಸ್ಸು ಬದಲಿಸಲು ಪ್ರತಿ ಪುಟದಲ್ಲೂ ಕೊಂಡಿ ಉಳಿಸುವ ಸಾಧನವನ್ನು ಮಾತ್ರ ತೆಗೆದುಕೊಳ್ಳಲಿ. ಅದಕ್ಕೂ ಮೊದಲು, ತಾಣ ಕಟ್ಟಿಕೊಟ್ಟ ಹುಡುಗನಿಗೆ ಫೋನ್ ಮಾಡಿ ಯಾವ ಯಾವ ಸ್ಕ್ರಿಪ್ಟು ಹಾಕಿದ್ದೀಯಪ್ಪ ಎಂದು ಕೇಳಿ, ಉತ್ತರ ಬರುವವರೆಗೆ ಬಾಕಿ ದುಡ್ಡು ಕೊಡಬೇಡಿ.