ಬಂತಾ? ಬಂತಾ?

ಪ್ರತಿ ಮನೆತನದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿ ಆ ಸ್ಥಾನ ನನ್ನ ಷಡ್ಡಕರದು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಮೈಸೂರಿನ ಕುವೆಂಪುನಗರದ ತಮ್ಮ ಮನೆಯ ಮಹಡಿ ಕೋಣೆಯನ್ನು ಥಿಯೇಟರ್ ಮಾಡಿಕೊಂಡಿದ್ದಾರೆ. ಮೊದಲು ಅದು ಹಳೆಯ ಹಾಸಿಗೆ, ಉಪ್ಪಿನಕಾಯಿ ಜಾಡಿ, ಗಣೇಶನ ಮಂಟಪ ಇಡುತ್ತಿದ್ದ ಕೋಣೆ. ಈಗ ಒಂದು ಗೋಡೆಗೆ ನೂರು ಇಂಚಿನ ಪರದೆ, ಎದುರು ಕಡೆ ಪ್ರೊಜೆಕ್ಟರ್, ನಡುವೆ ನಾವು. ನಾಲ್ಕು ವರ್ಷದಿಂದ ಅಲ್ಲಿಗೆ ಸಿನಿಮಾ ನೋಡಲು ಹೋಗುತ್ತಿದ್ದೇನೆ. ಒಂದನ್ನೂ ಪೂರ್ತಿ ನೋಡಿಲ್ಲ. ದೂರು ಅಂದುಕೊಳ್ಳಬೇಡಿ, ಅತ್ತಿಗೆ ಮಾಡುವ ಕೋಡುಬಳೆ ಚೆನ್ನಾಗಿರುತ್ತದೆ.

ಶುಕ್ರವಾರ ಸಂಜೆ ಫೋನ್ ಬರುತ್ತದೆ. “ಭಾನುವಾರ ಎಲ್ಲಾರೂ ಬಂದ್ಬಿಡಿ. ಈ ಸಲ ಎಲ್ಲಾ ಸೆಟ್ಟಾಗಿದೆ.”

ಭಾನುವಾರ ಮಹಡಿ ಹತ್ತಿದರೆ ಭಾವನವರು ಕಾಣುವುದಿಲ್ಲ. ಮೇಜಿನ ಹಿಂದಿನಿಂದ ಎರಡು ಪಾದ ಮಾತ್ರ ಕಾಣುತ್ತವೆ. ಪಾದಗಳೇ ಮಾತಾಡುತ್ತವೆ: “ಬಂದ್ರಾ? ಕೂತ್ಕೊಳಿ, ಎರಡೇ ನಿಮಿಷ.” ಕೂರುತ್ತೇವೆ. ಕತ್ತಲಲ್ಲಿ ಪರದೆ ನೀಲಿಯಾಗಿ ಬೆಳಗುತ್ತಿರುತ್ತದೆ, ಅದರ ಮೇಲೆ ಸಿಗ್ನಲ್ ಇಲ್ಲವೆಂಬ ಎರಡು ಪದ ಮೂಲೆಯಿಂದ ಮೂಲೆಗೆ ವಾಕಿಂಗ್ ಮಾಡುತ್ತಿರುತ್ತವೆ. ಮೇಜಿನ ಹಿಂದಿನಿಂದ “ಬಂತಾ?” ಎಂಬ ಪ್ರಶ್ನೆ. ನಾವು ಒಕ್ಕೊರಲಿನಿಂದ “ಇಲ್ಲ.” “ಈಗ?” “ಬಂತು, ಬಂತು... ಹೋಯ್ತು.” ಎಂಬತ್ತರ ದಶಕದಲ್ಲಿ ಹೆಂಚಿನ ಮೇಲೆ ನಿಂತು ಆಂಟೆನಾ ತಿರುಗಿಸುತ್ತಿದ್ದವರ ವಂಶ ಅಳಿದುಹೋಯಿತೆಂದು ಕೊರಗುವವರು ಕುವೆಂಪುನಗರಕ್ಕೆ ಬರಬಹುದು. ಮಾಡಿನಿಂದ ಮೇಜಿನಡಿಗೆ ಇಳಿದಿದ್ದಾರೆ, ಅಷ್ಟೆ.

ಅತ್ತಿಗೆಯ ಮದುವೆ ಟ್ರಂಕು ಈಗ ಕೇಬಲ್‌ಗಳದು. ಸೀರೆಗಳು ಬೀರುವಿಗೆ ವಲಸೆ ಹೋಗಿವೆ. ಮುಚ್ಚಳ ತೆಗೆದರೆ ಕರಿ ಶಾವಿಗೆಯ ರಾಶಿ. ಹಳದಿ, ಬಿಳಿ, ಕೆಂಪು ಮೂತಿಯ ಹಳೆಯ ತ್ರಿಮೂರ್ತಿಗಳು. ಅದರಲ್ಲಿ ಹಳದಿಯದು ಚಿತ್ರ, ಉಳಿದೆರಡು ಧ್ವನಿ. ಕೆಂಪು, ಹಸಿರು, ನೀಲಿಯ ಇನ್ನೊಂದು ಸಂಸಾರ. 1987ರಲ್ಲಿ ಹುಟ್ಟಿದ, 15 ಕಾಲಿನ ವಿಜಿಎ ಕೇಬಲ್ ಮೂರು. 19 ಕಾಲಿನ ಎಚ್‌ಡಿಎಂಐ ಹತ್ತೋ ಹನ್ನೆರಡೋ. ಚಿತ್ರ, ಧ್ವನಿ ಎರಡೂ ಒಂದೇ ತಂತಿಯಲ್ಲಿ, ಇನ್ನು ಗೊಂದಲವೇ ಇಲ್ಲ ಎಂದು 2002ರಲ್ಲಿ ಎಚ್‌ಡಿಎಂಐ ಬಂತು. ಆಮೇಲೆ ಅದರಲ್ಲೇ 1.4, 2.0, 2.1 ಎಂದು ಒಳಪಂಗಡಗಳಾದವು. ನೋಡಲು ಎಲ್ಲವೂ ಒಂದೇ ಥರ. ಭಾವನವರು ಮಾತ್ರ ಕತ್ತಲಲ್ಲಿ ಮುಟ್ಟಿಯೇ ಯಾವುದು ಯಾವುದೆಂದು ಹೇಳಬಲ್ಲರು. ಹೇಳಿದ್ದು ಸರಿಯಿರಬೇಕೆಂದೇನೂ ಇಲ್ಲ. ಬೆಂಗಳೂರಿಗೆ ಮದುವೆ ಮುಂಜಿಗೆಂದು ಬಂದವರು ಎಸ್.ಪಿ. ರೋಡಿಗೆ ಹೋಗಿ ಒಂದು ಕೇಬಲ್ ಹಿಡಿದೇ ರೈಲು ಹತ್ತುವುದು. ಮುಹೂರ್ತ ತಪ್ಪಿದ್ದುಂಟು, ಎಸ್.ಪಿ. ರೋಡು ತಪ್ಪಿದ್ದಿಲ್ಲ.

ಒಮ್ಮೆ ನಮ್ಮ ಅತ್ತೆ ‘ಕಸ್ತೂರಿ ನಿವಾಸ’ ನೋಡಬೇಕೆಂದರು. ಕಪ್ಪು ಬಿಳುಪಿನದೇ ಬೇಕು, 1971ರಲ್ಲಿ ತಾವು ನೋಡಿದಂಥದ್ದು. ಅಂದು ಎಚ್‌ಡಿಎಂಐ ಮುನಿಸಿಕೊಂಡಿತ್ತು. ಭಾವನವರು ಹಳೆಯ ಲ್ಯಾಪ್‌ಟಾಪಿಗೆ ವಿಜಿಎ ಕೇಬಲ್ ಸಿಕ್ಕಿಸಿದರು. ಪರದೆ ತುಂಬ ಹಸಿರು ಗುಡ್ಡ, ಮೇಲೊಂದು ಮೋಡ. ಅತ್ತೆ ಕೈಮುಗಿದು ಕೂತರು. ಐದು ನಿಮಿಷವಾದರೂ ಗುಡ್ಡ ಕದಲಲಿಲ್ಲ. ಸಿನಿಮಾ ಲ್ಯಾಪ್‌ಟಾಪಿನ ಸ್ವಂತ ಪರದೆಯಲ್ಲಿ ಓಡುತ್ತಿತ್ತು. ನಾವು ನೋಡುತ್ತಿದ್ದುದು ಅದರ ವಾಲ್‌ಪೇಪರ್. ಮೊಮ್ಮಗಳು ವಿಂಡೋಸ್ ಕೀ ಜೊತೆಗೆ ಪಿ ಒತ್ತಿ ಡುಪ್ಲಿಕೇಟ್ ಮಾಡಿದಳು. ಚಿತ್ರ ಬಂತು. ಬಂದದ್ದು ಹಳದಿಯಾಗಿ. ವಿಜಿಎಯ 15 ಕಾಲುಗಳಲ್ಲಿ ನೀಲಿ ಬಣ್ಣವನ್ನು ಹೊರುವ ಮೂರನೆಯದು ಬಾಗಿ ಕೂತಿತ್ತು. ನೀಲಿ ಕಳೆದರೆ ಬಿಳಿಯಲ್ಲಿ ಉಳಿಯುವುದು ಹಳದಿಯೇ. ರಾಜ್‌ಕುಮಾರ್ ಮುಖಕ್ಕೆಲ್ಲ ಅರಿಶಿನ ಬಳಿದ ಹಾಗಿತ್ತು. “ಶಾಸ್ತ್ರ ಈಗ್ತಾನೆ ಮುಗೀತೇನೋ” ಎಂದರು ಅತ್ತೆ. 2014ರಲ್ಲಿ ಈ ಚಿತ್ರದ ಬಣ್ಣದ ಆವೃತ್ತಿ ತೆರೆಗೆ ಬಂದಾಗ ನಾಡೆಲ್ಲ ಸಂಭ್ರಮಿಸಿತ್ತು. ಮೂರನೆಯ ಆವೃತ್ತಿ ನಮ್ಮ ಮನೆಯವರಿಗೆ ಮಾತ್ರ ದಕ್ಕಿತು.

ವಿಜಿಎಯಲ್ಲಿ ಧ್ವನಿ ಹರಿಯುವುದಿಲ್ಲವಲ್ಲ, ಅದಕ್ಕೊಂದು ಬ್ಲೂಟೂತ್ ಸ್ಪೀಕರ್ ಜೋಡಿಸಿದರು. ತುಟಿ ಆಡಿ ಮುಗಿದ ಮೇಲೆ ಮಾತು ಬರತೊಡಗಿತು. ಡಬ್ಬಿಂಗ್ ಬೇಡವೆಂದು ದಶಕಗಟ್ಟಲೆ ಹೋರಾಡಿದ ನಾಡಿನಲ್ಲಿ ಕನ್ನಡ ಚಿತ್ರವೇ ಕನ್ನಡಕ್ಕೆ ಡಬ್ ಆಗಿದ್ದನ್ನು ನಾನು ಕಣ್ಣಾರೆ, ಸ್ವಲ್ಪ ತಡೆದು ಕಿವಿಯಾರೆ, ಕಂಡಿದ್ದೇನೆ.

ಅಂದು ಕಾಫಿಯ ಹೊತ್ತಿಗೆ ನಾನು ಕೇಳಬಾರದ ಪ್ರಶ್ನೆ ಕೇಳಿದೆ. “ಭಾವ, ಆ ಎಚ್‌ಡಿಎಂಐಗೆ ಏನಾಗಿದೆ?”

ಭಾವನವರು ಲೋಟ ಕೆಳಗಿಟ್ಟರು. “ನೋಡಿ, ಇದು ಮದುವೆ ಇದ್ದ ಹಾಗೆ. ಸಿನಿಮಾ ಓಡಿಸೋ ಈ ಬಾಕ್ಸು ಗಂಡಿನ ಕಡೆ, ಪ್ರೊಜೆಕ್ಟರ್ ಹೆಣ್ಣಿನ ಕಡೆ. ತಂತಿ ಸಿಕ್ಕಿಸಿದ ತಕ್ಷಣ ಹೆಣ್ಣಿನ ಕಡೆಯಿಂದ ಜಾತಕ ಹೋಗತ್ತೆ. ಇಷ್ಟು ಅಗಲ, ಇಷ್ಟು ಎತ್ತರ, ಇಂಥ ಬಣ್ಣ ತಡೀತೀನಿ ಅಂತ. ಅದು ಇಡಿಐಡಿ. ಆಮೇಲೆ ಗುಟ್ಟಾಗಿ ವಿಚಾರಣೆ, ನೀವು ಸಿನಿಮಾ ಕದಿಯೋ ಪೈಕಿ ಅಲ್ಲ ತಾನೇ ಅಂತ. ಅದು ಎಚ್‌ಡಿಸಿಪಿ. ಮಧ್ಯೆ ನಮ್ಮ ಆಂಪ್ಲಿಫೈಯರ್ ದಲ್ಲಾಳಿ. ಫೋರ್‌ಕೆ ಚಿತ್ರ ಅಂದ್ರೆ ಬಾಕ್ಸು, ದಲ್ಲಾಳಿ, ಪ್ರೊಜೆಕ್ಟರ್ ಮೂರೂ ಎಚ್‌ಡಿಸಿಪಿ 2.2 ಗೋತ್ರದವೇ ಆಗಿರಬೇಕು. ಒಂದು ಹಳೇದಾದ್ರೂ ಪರದೆ ಕಪ್ಪು.”

“ಒಂದೇ ಗೋತ್ರ ಆದ್ರೆ ಮದುವೆ ಹೇಗಪ್ಪಾ ಆಗತ್ತೆ?” ಎಂದರು ಅತ್ತೆ.

ಭಾವನವರು ಉತ್ತರಿಸದೆ ಮೇಜಿನ ಹಿಂದಕ್ಕೆ ಹೋದರು.

ಲೆಕ್ಕದಲ್ಲಿ ಅವರನ್ನು ಮೀರಿಸುವವರಿಲ್ಲ, ಅದನ್ನು ಹೇಳಲೇಬೇಕು. ನೂರು ಇಂಚಿನ ಪರದೆಯೆಂದರೆ ಅಗಲ ಏಳೂಕಾಲು ಅಡಿ. ಅವರ ಪ್ರೊಜೆಕ್ಟರಿಗೆ ಅಗಲದ ಒಂದೂವರೆ ಪಟ್ಟು ದೂರ ಬೇಕು. ಅಂದರೆ ಹನ್ನೊಂದು ಅಡಿ. ಇದನ್ನೆಲ್ಲ ಸಾಲದ ಅರ್ಜಿ ತಪಾಸಣೆ ಮಾಡುವಷ್ಟೇ ನಿಷ್ಠೆಯಿಂದ ಮಾಡಿದ್ದರು. ಆಂಪ್ಲಿಫೈಯರಿನಿಂದ ಗೋಡೆ ಹತ್ತಿ, ಸಜ್ಜೆ ಬಳಸಿ, ಸೂರಿನಲ್ಲಿದ್ದ ಪ್ರೊಜೆಕ್ಟರಿನವರೆಗೆ 15 ಮೀಟರ್ ಕೇಬಲ್ ಬೇಕಾಯಿತು. ಅಷ್ಟುದ್ದ ಹೋದರೆ ತಾಮ್ರದ ತಂತಿಯಲ್ಲಿ ಫೋರ್‌ಕೆ ಸುಸ್ತಾಗುತ್ತದೆಂದು ಬೆಳಕಿನಲ್ಲಿ ಚಿತ್ರ ಒಯ್ಯುವ ಫೈಬರ್ ಕೇಬಲ್ ತಂದರು. ಗಾರೆಯವನನ್ನು ಕರೆಸಿ ಗೋಡೆ ಕೊರೆಸಿದರು. ಪೈಪು ಹಾಕಿಸೋಣವೆಂದು ಅವನು ಹೇಳಿದನಂತೆ. ಒಂದು ತಂತಿಗೆ ಪೈಪು ಯಾಕೆಂದು ಇವರು ಬಿಟ್ಟರಂತೆ. ಗಾರೆ ಮೆತ್ತಿ, ನೀರು ಕುಡಿಸಿ, ಬಣ್ಣ ಹೊಡೆಸಿ, ಸತ್ಯನಾರಾಯಣ ಪೂಜೆ ಮುಗಿಸಿ ಸ್ವಿಚ್ ಒತ್ತಿದರೆ ಪರದೆಯ ಮೇಲೆ ಆ ಎರಡೇ ಪದ, ಅದೇ ವಾಕಿಂಗ್.

ತಾಮ್ರದ ಸಾಮಾನ್ಯ ಕೇಬಲ್ಲಿಗೆ ತಲೆ ಬಾಲ ಇಲ್ಲ, ಯಾವ ತುದಿ ಎಲ್ಲಿಗಾದರೂ ಆದೀತು. ಫೈಬರಿನದು ಏಕಮುಖ ಸಂಚಾರ. ಒಂದು ತುದಿ ಚಿತ್ರ ಕೊಡುವ ಪೆಟ್ಟಿಗೆಗೆ, ಇನ್ನೊಂದು ತೋರಿಸುವ ಪ್ರೊಜೆಕ್ಟರಿಗೆ. ಮೂತಿಯ ಮೇಲೆ ಸಾಸಿವೆ ಗಾತ್ರದ ಅಕ್ಷರದಲ್ಲಿ ಹಾಗೆಂದು ಬರೆದೂ ಇತ್ತು. ಭಾವನವರ ಕೇಬಲ್ ಗೋಡೆಯೊಳಗೆ ತಿರುಗುಮುರುಗಾಗಿ ಮಲಗಿತ್ತು.

ನಾನಾಗಿದ್ದರೆ ಗೋಡೆ ಒಡೆಸುತ್ತಿದ್ದೆ. ಇಲ್ಲವೇ ಇನ್ನೊಂದು ಕೇಬಲ್ ತಂದು ಗೋಡೆಯ ಮೇಲೇ ಎಳೆಯುತ್ತಿದ್ದೆ. ಅದು ನನ್ನಂಥವರ ಬುದ್ಧಿ. ಭಾವನವರು ಎರಡು ರಾತ್ರಿ ಯೋಚಿಸಿ ಕೋಣೆಯನ್ನೇ ತಿರುಗಿಸಿದರು! ಪರದೆ ಎದುರು ಗೋಡೆಗೆ ಹೋಯಿತು. ಸೂರಿನಲ್ಲಿದ್ದ ಪ್ರೊಜೆಕ್ಟರ್ ಆಂಪ್ಲಿಫೈಯರಿದ್ದ ಮೇಜಿಗೆ ಇಳಿಯಿತು. ಆಂಪ್ಲಿಫೈಯರ್ ಸೂರಿಗೆ ಏರಬೇಕಾಯಿತು. ಕೇಬಲ್ ಈಗ ಸರಿಯಾದ ದಿಕ್ಕಿನಲ್ಲಿದೆ, ಮನೆ ಮಾತ್ರ ಉಲ್ಟಾ.

ಹೊಸ ವ್ಯವಸ್ಥೆಯಲ್ಲಿ ಸಣ್ಣಪುಟ್ಟ ತೊಡಕುಗಳಿವೆ. ತಗ್ಗಿನಿಂದ ಬೆಳಕು ಬಿಟ್ಟಿದ್ದರಿಂದ ಚಿತ್ರ ಮೇಲೆ ಅಗಲ, ಕೆಳಗೆ ಕಿರಿದಾಗಿ ಮೊರದ ಆಕಾರ ತಳೆದಿತ್ತು. ಪ್ರೊಜೆಕ್ಟರಿನ ಹಿಂಗಾಲಿಗೆ ಹೋದ ವರ್ಷದ ಪಂಚಾಂಗ ಕೊಟ್ಟು, ಉಳಿದದ್ದನ್ನು ಕೀಸ್ಟೋನ್ ಬಟನ್ನಿನಿಂದ ತಿದ್ದಿದ್ದಾರೆ. ಕೋಡುಬಳೆಗೆಂದು ಯಾರಾದರೂ ಎದ್ದರೆ ಅವರ ನೆರಳು ಪರದೆ ತುಂಬುತ್ತದೆ. ಅತ್ತೆಯ ತುರುಬನ್ನು ನಾವು ನೂರು ಇಂಚಿನಲ್ಲಿ ನೋಡಿದ್ದೇವೆ. ಆದರೆ ಚಿತ್ರ ಬಂತು. ಬಂದ ಮೇಲೆ ಹೋಗಲಿಲ್ಲ. ಭಾವನವರು ಮೇಜಿನ ಬದಿಯಿಂದೆದ್ದು, ಪಂಚೆಗೆ ಕೈ ಒರೆಸಿಕೊಂಡು, ನಮ್ಮ ಪಕ್ಕದಲ್ಲಿ ಹತ್ತು ನಿಮಿಷ ಕೂತರು. ಕೂತವರ ಮುಖ ಸಪ್ಪಗಾಯಿತು. ಹನ್ನೊಂದನೆಯ ನಿಮಿಷಕ್ಕೆ, “ಬಣ್ಣ ಒಂಚೂರು ಕೆಂಪು ಅನ್ನಿಸ್ತಾ ಇಲ್ವಾ? ಆ ಇನ್ನೊಂದು ಕೇಬಲ್ ಹಾಕಿ ನೋಡೋಣ” ಎಂದೆದ್ದರು. ಅಲ್ಲಿಗೆ ಸಿನಿಮಾ ಮುಗಿಯಿತು, ಅವರ ಮುಖ ಮತ್ತೆ ಅರಳಿತು.

ಈ ಭಾನುವಾರಕ್ಕೂ ಕರೆ ಬಂದಿದೆ, ಈ ಸಲ ಎಲ್ಲಾ ಸೆಟ್ಟಾಗಿದೆಯಂತೆ. ಓದುಗರಲ್ಲಿ ಮೈಸೂರಿನವರು ಯಾರಾದರೂ ಇದ್ದರೆ, ಎಂಟಡಿ ಏಣಿಯೊಂದನ್ನು ಎರಡು ದಿನದ ಮಟ್ಟಿಗೆ ಕೊಡಿ. ಸೂರಿನ ಬ್ರಾಕೆಟ್ ಭಾರ ತಡೆಯದೆ ಭಾವನವರ ಏಣಿಯ ಮೇಲೆ ಆಂಪ್ಲಿಫೈಯರೂ ಬಾಕ್ಸೂ ಕೂತಿವೆ. ಅಲ್ಲಿಯವರೆಗೆ ಹತ್ತಿ ಡಿಸ್ಕ್ ಹಾಕಲು ಇನ್ನೊಂದು ಏಣಿ ಬೇಕು.