ಲಾರಿಗೆ ಎಫ್‌ಸಿ, ಡ್ರೈವರ್‌ಗೆ ಚಹಾ

ಸುರಕ್ಷತಾ ತಪಾಸಣೆಯ ನೋಟಿಸು ಬಂತೆಂದರೆ ಹುಕ್ಕೇರಿ ಕಡೆಯ ಟ್ರಾನ್ಸ್‌ಪೋರ್ಟ್ ಆಫೀಸುಗಳಲ್ಲಿ ಮೊದಲು ರಿಪೇರಿಯಾಗುವುದು ಲಾರಿಯಲ್ಲ, ರಜಿಸ್ಟರು. ವರ್ಷವಿಡೀ ಖಾಲಿ ಬಿದ್ದ ಪುಸ್ತಕ ಒಂದೇ ರಾತ್ರಿಯಲ್ಲಿ ತುಂಬುತ್ತದೆ. ಎಲ್ಲ ಒಂದೇ ಪೆನ್ನಿನ ಬರಹ ಎಂಬ ಅನುಮಾನ ಬರಬಾರದೆಂದು ಗುಮಾಸ್ತ ನಾಲ್ಕು ಥರದ ಪೆನ್ನು ತರಿಸುತ್ತಾನೆ. ಚಹಾ ಕಪ್ಪಿಟ್ಟು ಎರಡು ಪುಟಕ್ಕೆ ಕಲೆಯನ್ನೂ ಮಾಡುತ್ತಾನೆ. ಹಳೆಯ ದಾಖಲೆ ಹಳೆಯದಾಗಿಯೇ ಕಾಣಬೇಕಲ್ಲ! ಪ್ರತಿ ಟ್ರಿಪ್ಪಿಗೂ ಮುಂಚೆ ಬ್ರೇಕ್ ನೋಡಿದೆ, ಟೈರಿನ ಗಾಳಿ ನೋಡಿದೆ, ಹಿಂದಿನ ದೀಪ ನೋಡಿದೆ ಎಂಬುದಕ್ಕೆಲ್ಲ ಡ್ರೈವರ್‌ನ ಸಹಿ ಬೀಳುತ್ತದೆ. ಆ ತಾರೀಖಿಗೆ ಆತ ಸಂಕೇಶ್ವರದಲ್ಲಿದ್ದನೋ ಪುಣೆಯಲ್ಲಿದ್ದನೋ ಎಂದು ಕೇಳುವುದು ಅಪಶಕುನ.

ಇನ್ನು ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು. ಎಂಟು ವರ್ಷದವರೆಗಿನ ಲಾರಿಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಆಗಬೇಕು. ಆ ದಿನ ಲಾರಿಯೇ ಮದುಮಗ, ಆದರೆ ಮೈಮೇಲಿನ ಒಡವೆಯೆಲ್ಲ ಕಡ ತಂದದ್ದು. ಸ್ಟೆಪ್ನಿ ಪಕ್ಕದ ಲಾರಿಯದು, ಬೆಂಕಿ ಆರಿಸುವ ಸಿಲಿಂಡರು ಗೆಳೆಯನ ಗೋದಾಮಿನದು. ಪ್ರಥಮ ಚಿಕಿತ್ಸೆಯ ಡಬ್ಬಿಯೊಳಗಿನ ಬೀಡಿ ಕಟ್ಟು ಮಾತ್ರ ಸ್ವಂತದ್ದು. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ರೇಡಿಯಂ ಪಟ್ಟಿ ಥಳಥಳ ಹೊಳೆಯುತ್ತದೆ. ಗಂಟೆಗೆ 80 ಕಿ.ಮೀ. ದಾಟಗೊಡದ ಸ್ಪೀಡ್ ಗವರ್ನರ್‌ಗೆ ಅಂದು ಬೆಳಿಗ್ಗೆಯೇ ವೈರು ಕೂಡುತ್ತದೆ, ಬ್ರೇಕ್ ಇನ್‌ಸ್ಪೆಕ್ಟರ ಸಹಿ ಒಣಗುವ ಮೊದಲೇ ಬಿಚ್ಚಿಕೊಳ್ಳುತ್ತದೆ. ಸಂಜೆಯೊಳಗೆ ಕಡ ತಂದದ್ದೆಲ್ಲ ಅವರವರ ಮನೆಗೆ, ಲಾರಿ ಮತ್ತೆ ಲೋಡಿಗೆ.

ಲೋಡಿನ ಮಾತು ಬಂತು. 2018ರಲ್ಲಿ ಕೇಂದ್ರ ಸರಕಾರ ಹತ್ತು ಗಾಲಿಯ ಲಾರಿಯ ಒಟ್ಟು ತೂಕದ ಮಿತಿಯನ್ನು 25ರಿಂದ 28.5 ಟನ್ನಿಗೆ ಏರಿಸಿತು. ನಮ್ಮವರು ಅದನ್ನು ಓದಿದ್ದು ಹೀಗೆ: ಕೇಳದೆಯೇ ಮೂರೂವರೆ ಟನ್ ಕೊಟ್ಟವರು, ಕೇಳಿದರೆ ಇನ್ನೊಂದು ಮೂರು ಕೊಡುವುದಿಲ್ಲವೇ? ಮರುವರ್ಷವೇ ತಿದ್ದುಪಡಿಯಾದ ಕಾಯ್ದೆ ಹೆಚ್ಚುವರಿ ಭಾರಕ್ಕೆ 20,000 ರೂಪಾಯಿ ದಂಡ, ಮೇಲೆ ಟನ್ನಿಗೆ 2,000, ಹೆಚ್ಚಿನ ಮಾಲು ಅಲ್ಲೇ ಇಳಿಸಬೇಕು ಎಂದಿತು. ಅಷ್ಟು ಮಾಲು ಹಿಡಿಯಲು ಯಾರೂ ಕತ್ತಲಲ್ಲಿ ಹೊಂಚು ಹಾಕಬೇಕಿಲ್ಲ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಕಾಟಾ ಏರಿದ ಪ್ರತಿ ಗಾಡಿಯ ತೂಕವೂ ಚೀಟಿಯಾಗಿ ಹೊರಬರುತ್ತದೆ. ರೈತನ ಬಿಲ್ಲಿಗೆ ಆ ಚೀಟಿ ಬೇಕು, ಬಾಡಿಗೆ ಲೆಕ್ಕಕ್ಕೆ ಬೇಕು. ದಂಡದ ಲೆಕ್ಕಕ್ಕೆ ಮಾತ್ರ ಯಾರಿಗೂ ಬೇಡ. ತಪಾಸಣೆಯವರು ಆಫೀಸಿನಲ್ಲಿ ಕಡತ ತಿರುವುತ್ತಿರುವಾಗ ಹೊರಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ, ಹಾಡು ಹಚ್ಚಿಕೊಂಡು ಹೋಗುತ್ತಿರುತ್ತದೆ. ಅದರ ಕಡತ ಇನ್ನೂ ತೆರೆದಿಲ್ಲ.

ಕೊನೆಯ ತಯಾರಿ ಡ್ರೈವರ್‌ಗಳಿಗೆ ಪಾಠ. ಮಾಲಕರೇ ಗುರುಗಳು.

“ಸಾಹೇಬ್ರು ಕೇಳಿದ್ರ, ದಿನಾ ಎಂಟ್ ತಾಸ ನಿದ್ದಿ ಮಾಡ್ತೀನ್ರಿ ಅನ್ನು.”

“ಯಾವಾಗ ಮಾಡ್ತೀನಿ ಅನ್ಲಿರಿ ಮಾಲಕ್ರ?”

“ಯಾವಾಗ ಅಂತ ಅವ್ರು ಕೇಳೂದಿಲ್ಲೋ ತಮ್ಮಾ.”

ಮಾಲಕರ ಅನುಭವ ದೊಡ್ಡದು, ನಿಜಕ್ಕೂ ಯಾರೂ ಕೇಳುವುದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದುಡಿಮೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಎಂದು ಗೆರೆ ಎಳೆದಿತ್ತು. ಐದು ತಾಸಿಗೊಮ್ಮೆ ಅರ್ಧ ತಾಸು ವಿಶ್ರಾಂತಿಯನ್ನೂ ಬರೆದಿತ್ತು. ಈಗ ಆ ಕಾಯ್ದೆ ಹೋಗಿ ಕಾರ್ಮಿಕ ಸಂಹಿತೆ ಬಂದಿದೆ, ಡ್ರೈವರ್ ಮಾತ್ರ ಆ ಅರ್ಧ ತಾಸಿಗೆ ಇನ್ನೂ ಕಾಯುತ್ತಿದ್ದಾನೆ. ಸಂಜೆ ಇಲ್ಲಿ ತುಂಬಿದ ತರಕಾರಿ ಕೊಗನೊಳಿ ದಾಟಿ, ಕೊಲ್ಹಾಪುರ ದಾಟಿ, ನಾನೂರು ಕಿ.ಮೀ. ಆಚೆಯ ವಾಶಿ ಮಾರ್ಕೆಟ್ಟನ್ನು ಸೂರ್ಯ ಹುಟ್ಟುವುದರೊಳಗೆ ಮುಟ್ಟಬೇಕು. ತಡವಾದರೆ ಮಾಲಿಗೆ ದರವಿಲ್ಲ, ಲಾರಿಗೆ ಪೂರ್ತಿ ಬಾಡಿಗೆಯಿಲ್ಲ. ನಿದ್ದೆ ಬಂದರೆ ಢಾಬಾದ ಚಹಾ ಉಂಟು. ಚಹಾಕ್ಕೂ ಮಣಿಯದ ನಿದ್ದೆ ಬಂದರೆ ಮರುದಿನದ ಪೇಪರಿನಲ್ಲಿ ‘ಚಾಲಕನ ನಿರ್ಲಕ್ಷ್ಯ’ ಎಂದು ಬರುತ್ತದೆ. ಮಾಲು ಇಂಥ ಹೊತ್ತಿಗೇ ಬೇಕೆಂದು ಫೋನಿನಲ್ಲಿ ಹಟ ಹಿಡಿದವನ ಹೆಸರು ಆ ಸುದ್ದಿಯಲ್ಲಾಗಲಿ, ಎಫ್‌ಐಆರ್‌ನಲ್ಲಾಗಲಿ ಇರುವುದಿಲ್ಲ.

ಸರಕಾರಕ್ಕೆ ನನ್ನದೊಂದು ಸಲಹೆಯಿದೆ. ನೋಟಿಸು ಕೊಡುವುದನ್ನು ಬಿಟ್ಟು, ರಾತ್ರಿ ಮೂರರ ಹೊತ್ತಿಗೆ ಸಂಕೇಶ್ವರದ ಹತ್ತಿರ ಹೆದ್ದಾರಿಯ ಯಾವುದಾದರೂ ಢಾಬಾಕ್ಕೆ ಬನ್ನಿ. ರಜಿಸ್ಟರು ಕೇಳಬೇಡಿ, ಕೊನೇ ಸಲ ಯಾವಾಗ ಮಲಗಿದ್ದೆ ಎಂದು ಕೇಳಿ. ದಂಡದ ಚೀಟಿಯನ್ನು ಡ್ರೈವರ್‌ನ ಕೈಗಿಡದೆ, ಬೆಳಗಾಗುವುದರೊಳಗೆ ಮಾಲು ಮುಟ್ಟಬೇಕು ಎಂದವನ ವಿಳಾಸಕ್ಕೆ ಕಳಿಸಿ.

ಹಾಗೆ ಮಾಡಿದರೆ ಒಂದು ತೊಂದರೆ ಇದೆ. ಡ್ರೈವರ್ ಮಲಗಿ ಎದ್ದು ಬಂದರೆ ಬಾಡಿಗೆ ಏರುತ್ತದೆ, ಬಾಡಿಗೆ ಏರಿದರೆ ಟೊಮ್ಯಾಟೊ ಕಿಲೋಕ್ಕೆ ಎರಡು ರೂಪಾಯಿ ತುಟ್ಟಿಯಾಗುತ್ತದೆ. ಆಗ ಬೀದಿಗಿಳಿದು ಕೂಗಾಡುವವರು ಲಾರಿ ಮಾಲಕರಲ್ಲ. ಅಪಘಾತದ ಸುದ್ದಿ ಓದಿ ‘ಈ ಲಾರಿಯವರಿಗೆ ಜೀವದ ಬೆಲೆ ಗೊತ್ತಿಲ್ಲ’ ಎನ್ನುವ ನಾವೇ.