ಒಬ್ಬಳ ವನಭೋಜನ

ನಮ್ಮ ಕಡೆ ಹೆಂಗಸು ಒಬ್ಬಳೇ ಕೂತು ಉಣ್ಣುವುದಕ್ಕೆ ಮಂಜೂರಾದ ಜಾಗ ಎರಡೇ. ಒಂದು, ಎಲ್ಲರೂ ಉಂಡು ಕೈ ತೊಳೆದು ಹೋದ ಮೇಲಿನ ಅಡುಗೆಮನೆ. ಇನ್ನೊಂದು ಆಸ್ಪತ್ರೆಯ ಮಂಚ. ಮೂರನೆಯದೂ ಒಂದಿದೆ ಎಂದು ನನ್ನ ತಲೆ ಕೆಡಿಸಿದವಳು ಬೆಂಗಳೂರಲ್ಲಿರುವ ಮಗಳು. ಭಾನುವಾರ ಕಬ್ಬನ್ ಪಾರ್ಕಿನ ಮರದ ಕೆಳಗೆ ಚಾದರ ಹಾಸಿ, ಪಕ್ಕದಲ್ಲೊಂದು ಪುಸ್ತಕ, ಒಂದು ಡಬ್ಬಿ ಹೆಚ್ಚಿದ ಹಣ್ಣು ಇಟ್ಟುಕೊಂಡು ಕೂತ ಫೋಟೊ ಕಳಿಸಿದ್ದಳು.

“ಯಾರ ಜೊತೆ ಹೋಗಿದ್ದೀ?”

“ಯಾರ ಜೊತೇನೂ ಇಲ್ಲಮ್ಮ. ಸೋಲೋ ಪಿಕ್‌ನಿಕ್.”

“ಹಂಗಾದ್ರೆ ಫೋಟೊ ತೆಗೆದೋರು ಯಾರು?”

ಅವಳು ಫೋನಿಟ್ಟಳು. ಆಮೇಲೆ ಅವಳೇ ಮಾಡಿ, ಕೊರಿಯಾದವರು ಒಬ್ಬೊಬ್ಬರೇ ಕೂತು ಉಣ್ಣುವುದಕ್ಕೆ ‘ಹೊನ್‌ಬಾಪ್’ ಅಂತ ಹೆಸರೇ ಇಟ್ಟಿದ್ದಾರೆ, ನೀನೂ ಒಮ್ಮೆ ಹೋಗು, ಮೂವತ್ತು ವರ್ಷದಿಂದ ಬಿಸಿ ರೊಟ್ಟಿ ತಿಂದಿಲ್ಲ ಅಂತ ಗೋಳಾಡ್ತೀಯಲ್ಲ ಎಂದಳು. ಗೋಳು ನಿಜ. ಕೊನೆಯ ರೊಟ್ಟಿ ಬೇಯುವ ಹೊತ್ತಿಗೆ ನನ್ನ ಪಾಲಿನದು ಚರ್ಮದ ಚಪ್ಪಲಿಯಾಗಿರುತ್ತದೆ.

ಕಬ್ಬನ್ ಪಾರ್ಕೇನೋ 1870ರಿಂದ ಇದೆ. ಆಂಧ್ರದ ರಾಯದುರ್ಗದಲ್ಲಿರುವ ನಾನು ಎಲ್ಲಿಗೆ ಹೋಗಲಿ? ನಮಗೆ ವಿಹಾರ ಅಂದರೆ ಬಿ.ಟಿ. ಪ್ರಾಜೆಕ್ಟು, ಅಂದರೆ ಗುಮ್ಮಘಟ್ಟ ಮಂಡಲದ ಭೈರವಾನಿತಿಪ್ಪ. 1961ರಲ್ಲಿ ವೇದಾವತಿಗೆ ಕಟ್ಟಿದ ಅಣೆಕಟ್ಟು. ಈ ನದಿಯನ್ನು ನಾವು ಹಗರಿ ಎನ್ನುತ್ತೇವೆ. ಬಾಬಾಬುಡನ್‌ಗಿರಿಯಲ್ಲಿ ಹುಟ್ಟುವ ಈಕೆಯ ಗುಣ ನಮ್ಮ ಮನೆಯ ಹೆಂಗಸರದ್ದೇ: ದಾರಿಯಲ್ಲಿರುವವರೆಲ್ಲ ಕುಡಿದು ಮಿಕ್ಕಿದರೆ ಕೊನೆಯವರಿಗೆ. ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ಮೈಸೂರು ಅರಸರು 1907ರಷ್ಟು ಹಿಂದೆಯೇ ವಾಣಿವಿಲಾಸ ಸಾಗರ ಕಟ್ಟಿ ಮುಗಿಸಿ ಮೊದಲ ಪಂಕ್ತಿಯಲ್ಲಿ ಕೂತುಬಿಟ್ಟರು. ಅದು ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನ ಎಂಬತ್ತೊಂಬತ್ತು ವರ್ಷ ನಾವು ಕೆಳಗೆ ಎಲೆ ಹಾಕಿಕೊಂಡು ಕಾದೆವು. ಈಗ ಜೀಡಿಪಲ್ಲಿ ಜಲಾಶಯದಿಂದ ಇಲ್ಲಿಗೆ ನೀರೆತ್ತುವ ಯೋಜನೆಯಿದೆ. ಬಡಿಸುವವರು ಬರುತ್ತಿದ್ದಾರೆ ಎಂದು ಎಲೆ ಇನ್ನೂ ಮಡಚಿಲ್ಲ.

ಇನ್ನು ಅನುಮತಿ. ಕಾರ್ತಿಕ ಮಾಸ, ವನಭೋಜನದ ಕಾಲ. ಹೊರಗೆ ಹೋಗಿ ಉಣ್ಣುವುದಕ್ಕೆ ಶಾಸ್ತ್ರದ ಬಲ ಇತ್ತು. ಆದರೆ ಶಾಸ್ತ್ರ ಬಂಧು ಬಳಗ ಸಮೇತ ಎನ್ನುತ್ತದೆ. ಒಬ್ಬಳೇ ಹೋಗುತ್ತೇನೆ ಎಂದಾಗ ಅತ್ತೆ ಎಲೆಅಡಿಕೆ ಹಾಕುತ್ತಿದ್ದವರು ಕೈ ನಿಲ್ಲಿಸಿದರು. “ವನಕ್ಕೆ ಸೀತಮ್ಮನೂ ಒಬ್ಬಾಕೇ ಹೋಗಲಿಲ್ಲ. ಇಬ್ಬರು ಗಂಡಸರಿದ್ರು.” ಸ್ವಲ್ಪ ಹೊತ್ತು ಬಿಟ್ಟು, “ಎರಡನೇ ಸಲ ಒಬ್ಬಾಕೇ ಆದ್ಲು. ಅದು ಬ್ಯಾರೆ ಮಾತು” ಎಂದು ನನ್ನ ಗಂಡನ ಕಡೆ ನೋಡಿದರು. ಇವರು ಪೇಪರು ಮೇಲೆತ್ತಿಕೊಂಡರು.

ಒಬ್ಬಳ ಬುತ್ತಿಗೆ ಎಷ್ಟು ಅಡುಗೆ ಬೇಕು? ಮೊದಲು ಮನೆಯವರ ಮಧ್ಯಾಹ್ನದ ಊಟ ಮಾಡಿಡಬೇಕು. ಅದಕ್ಕೆ ಮುಂಚೆ ಅವರ ತಿಂಡಿ. ಸಂಜೆಗೆ ಹಿಟ್ಟು ರುಬ್ಬಿಡಬೇಕು, ಬರುವುದು ತಡವಾದರೆ? ಇದೆಲ್ಲ ಮುಗಿಸಿ ಸಜ್ಜೆ ರೊಟ್ಟಿಗೆ ಕೈ ಹಾಕಿದೆ. ಸಜ್ಜೆ ಹಿಟ್ಟು ಜೋಳದ ಹಿಟ್ಟಿನಷ್ಟೂ ಮಾತು ಕೇಳುವುದಿಲ್ಲ. ಕುದಿಯುವ ನೀರು ಹಾಕಿ, ಅಂಗೈ ಬುಡದಿಂದ ಒತ್ತಿ ಒತ್ತಿ ನಾದಿ, ಎಳ್ಳು ಉದುರಿಸಿ ತಟ್ಟಬೇಕು. ತಟ್ಟುವಾಗ ಅಂಚು ಬಾಯಿ ಬಿಟ್ಟರೆ ಹೆಬ್ಬೆರಳಿಂದ ಮುಚ್ಚಬೇಕು. ನನಗೆ ಎರಡು ಸಾಕು. ಕೈ ತನ್ನ ಪಾಡಿಗೆ ಹನ್ನೆರಡು ತಟ್ಟಿತ್ತು. ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಮೊಸರನ್ನ ತುಂಬಿದೆ. ನಾಲ್ಕು ತಟ್ಟೆಯನ್ನೂ ಇಟ್ಟುಕೊಂಡೆ. ಯಾಕೆ ಎಂದು ಕೇಳಬೇಡಿ, ಉತ್ತರ ನನ್ನಲ್ಲಿಲ್ಲ. ಏಕಾಂತಕ್ಕೆಂದು ಹೊರಟವಳ ಚೀಲ ನೋಡಿದ ಪಕ್ಕದ ಮನೆಯಾಕೆ, “ಮದುವೆ ಯಾವೂರಾಗ್ರಿ?” ಎಂದಳು.

ಪಲ್ಲೆವೆಲುಗು ಬಸ್ಸು ಹತ್ತಿ ಆಧಾರ್ ಕಾರ್ಡು ತೋರಿಸಿದೆ. 2025ರ ಆಗಸ್ಟ್ 15ರಿಂದ ಆಂಧ್ರದಲ್ಲೂ ಹೆಂಗಸರಿಗೆ ಬಸ್ಸು ಪುಕ್ಕಟೆ. ಹೆಂಗಸು ಒಬ್ಬಳೇ ಓಡಾಡಲಿ ಎಂದು ಬಯಸುವ ಗಂಡಸು ಸದ್ಯಕ್ಕೆ ಕಂಡಕ್ಟರ್ ಒಬ್ಬನೇ, ಅದೂ ಸರ್ಕಾರದ ಆರ್ಡರಿನ ಮೇಲೆ.

ಏರಿಯ ಹತ್ತಿರ ನೆರಳು ಹುಡುಕಿದೆ. ವನಭೋಜನಕ್ಕೆ ನೆಲ್ಲಿಮರ ಶ್ರೇಷ್ಠ. ನನಗೆ ಸಿಕ್ಕಿದ್ದು ಬಳ್ಳಾರಿ ಜಾಲಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ರಾಯದುರ್ಗ ತಾಲ್ಲೂಕನ್ನು ಬಳ್ಳಾರಿ ಜಿಲ್ಲೆಯಿಂದ ಬಿಡಿಸಿ ಅನಂತಪುರಕ್ಕೆ ಸೇರಿಸಿದರು. ಬಳ್ಳಾರಿ ನಮ್ಮ ಕೈ ಬಿಟ್ಟರೂ ಬಳ್ಳಾರಿ ಜಾಲಿ ಬಿಟ್ಟಿಲ್ಲ. ಅವತ್ತೂ ಸೆರಗು ಹಿಡಿದು ಕೂರಿಸಿಕೊಂಡಿತು. ಮುಳ್ಳು ಬಿಡಿಸಿಕೊಂಡು, ಚಾದರ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಡಬ್ಬಿ ಇಟ್ಟೆ. ಮಗಳಂತೆ ಪುಸ್ತಕವನ್ನೂ ಬಿಚ್ಚಿದೆ. ರೊಟ್ಟಿ ಮುರಿದು ಚಟ್ನಿಪುಡಿಯ ಮುಚ್ಚಳ ತೆಗೆದೆನೋ ಇಲ್ಲವೋ, ಹಗರಿಯ ಗಾಳಿ ಅಷ್ಟನ್ನೂ ನನ್ನ ಕನ್ನಡಕಕ್ಕೆ ಬಡಿಸಿತು.

ಆಗ ಫೋನು. “ಏನೇ, ಮೊಸರೆಲ್ಲಿ?” ಫ್ರಿಜ್ಜಿನಲ್ಲಿ. “ಫ್ರಿಜ್ಜಿನಾಗ ಎಲ್ಲಿ?” ಹಾಲಿನ ಹಿಂದೆ. “ಹಾಲೆಲ್ಲಿ?” ಮೊಸರಿನ ಮುಂದೆ. ಇಷ್ಟು ವರ್ಷ ಇವರು ಲೆಕ್ಕಪತ್ರದ ನೌಕರಿ ಹೇಗೆ ಮಾಡಿದರೋ.

ಕಾರಕ್ಕೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಫೋನಲ್ಲಿ ದನಿ ಏರಿತ್ತು. ಎದುರಿಗೆ ಕುರಿ ಕಾಯುವ ಅಜ್ಜನೊಬ್ಬ ಬಂದು ನಿಂತಿದ್ದ. ನಮ್ಮ ದೇಶದಲ್ಲಿ ಡ್ಯಾಮಿನ ಹತ್ತಿರ ಗಂಡಸು ಒಬ್ಬನೇ ಕೂತರೆ ಬಾಟಲಿ ಎಲ್ಲಿದೆ ಎಂದು ಹುಡುಕುತ್ತಾರೆ. ಹೆಂಗಸು ಒಬ್ಬಳೇ ಕೂತು ಕಣ್ಣೊರೆಸಿಕೊಂಡರೆ ಬೇರೆಯದನ್ನೇ ಯೋಚಿಸುತ್ತಾರೆ.

“ಯಾಕವ್ವಾ, ಒಬ್ಬಾಕೇ ಕುಂತಿದ್ದೀ? ಮನ್ಯಾಗ ಗೊಡವಾನಾ?”

“ಇಲ್ಲಜ್ಜ, ಸುಮ್ನೆ ಉಣ್ಣಾಕ ಬಂದೀನಿ.”

ನಂಬಲಿಲ್ಲ. ಕೋಲೂರಿ ಕೂತು ನೀರಿನ ಕಡೆ ನೋಡಿ ಸಮಾಧಾನದ ದನಿಯಲ್ಲಿ ಹೇಳಿದ: “ಈ ಕಡಿ ದಂಡಿಯಾಗ ಮೊಣಕಾಲುದ್ದ ಅಷ್ಟೇ ಐತವ್ವಾ ನೀರು. ಸುಮ್ನೆ ಸೀರಿ ಕೆಸರಾಗ್ತೈತಿ.”

ಅವನ ಅನುಮಾನ ಕಳೆಯಲು ದಾರಿ ಒಂದೇ ಇತ್ತು. ತಟ್ಟೆ ತೆಗೆದು ರೊಟ್ಟಿ ಬಡಿಸಿದೆ. ಸಾಯಲು ಬಂದವಳು ಎಣ್ಣೆಗಾಯಿ ತರುತ್ತಾಳೆಯೇ? ಎರಡನೇ ರೊಟ್ಟಿಗೆ ಅವನಿಗೆ ಪೂರ್ತಿ ನಂಬಿಕೆ ಬಂತು. ಮೂರನೆಯದಕ್ಕೆ, ಉಪ್ಪು ಒಂದು ಚೂರು ಮುಂದು ಎಂದ. ನಮ್ಮ ಮನೆಯವರು ಹೇಳುವ ಮಾತೇ, ಅದೇ ರಾಗದಲ್ಲಿ.

ಅಷ್ಟರಲ್ಲಿ ಟ್ರ್ಯಾಕ್ಟರ್ ತುಂಬ ವನಭೋಜನದ ಗುಂಪೊಂದು ಬಂದು ಇಳಿಯಿತು. ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ. ಅದರಲ್ಲೊಬ್ಬಳು “ಟೀಚರ್!” ಎಂದು ಚೀರಿದಳು. ಕನ್ನಡ ಮಾಧ್ಯಮದ ಶಾಲೆಯಲ್ಲಿ ಜೀವಮಾನ ಕಳೆದವಳಿಗೆ ಈ ತಾಲ್ಲೂಕಿನಲ್ಲಿ ಮರೆಯಾಗುವ ಜಾಲಿಯ ಮರ ಇನ್ನೂ ಹುಟ್ಟಿಲ್ಲ. ನನ್ನ ಕೈಯಲ್ಲಿ ಏಳರ ಮಗ್ಗಿಗೆ ಪೆಟ್ಟು ತಿಂದ ಹುಡುಗಿ. ಈಗ ಅವಳಿಗೇ ಮೂರು ಮಕ್ಕಳು. “ಅಯ್ಯೋ, ಟೀಚರ್ ಒಬ್ರೇ ಬಂದಾರ, ಪಾಪ!” ಎಂದು ಚಾದರದ ಸಮೇತ ನನ್ನನ್ನು ಗುಂಪಿನೊಳಕ್ಕೆ ಎಳೆದರು. ಕೂತವಳು ಕೂತಿರಬೇಕಾಗಿತ್ತು. ಕೂರಲಿಲ್ಲ. ಒಬ್ಬಾಕೆ ಚಿತ್ರಾನ್ನ ಕಲಸುವ ರೀತಿ ಕಂಡು ಕೈ ತಡೆಯದೆ “ಕೊಡಿಲ್ಲಿ” ಎಂದೆ. ಆಮೇಲೆ ಸೆರಗು ಸಿಕ್ಕಿಸಿ ಇಡೀ ಪಂಕ್ತಿಗೆ ಬಡಿಸಿದವಳು ನಾನೇ. ನನ್ನ ಪಾಲಿಗೆ ಉಳಿದದ್ದು ಒಂದು ರೊಟ್ಟಿ, ತಣ್ಣಗೆ.

ರಾತ್ರಿ ಮಗಳು ಕೇಳಿದಳು, “ಏಕಾಂತ ಹೆಂಗಿತ್ತಮ್ಮ?” ಸುಮಾರು ಮೂವತ್ತು ಜನ ಇದ್ದೆವು ಎಂದೆ. ಅತ್ತೆಗೆ ಎಲ್ಲ ಕೇಳಿಸಿತ್ತು. ಮುಂದಿನ ಸಲ ತಾವೂ ಒಬ್ಬರೇ ಬರುವುದಾಗಿ, ನನ್ನ ಜೊತೆ, ಹೇಳಿಬಿಟ್ಟಿದ್ದಾರೆ.

ಭೈರವಾನಿತಿಪ್ಪಕ್ಕೆ ಒಬ್ಬರೇ ಹೋಗಿ ಬುತ್ತಿ ಬಿಚ್ಚಬೇಕೆನ್ನುವ ಅಕ್ಕತಂಗಿಯರು ಕಾರ್ತಿಕ ಬಿಟ್ಟು ಹೋಗಿ. ಆಧಾರ್ ಕಾರ್ಡು ಮರೆಯಬೇಡಿ. ಚಟ್ನಿಪುಡಿಗೆ ಮನೆಯಲ್ಲೇ ಎಣ್ಣೆ ಕಲಸಿಕೊಳ್ಳಿ, ಉಪ್ಪು ಒಂದು ಚೂರು ಹಿಂದಿರಲಿ. ಗಂಡಸರು ಬರಿಗೈಯಲ್ಲಿ ಹೋದರೂ ನಡೆಯುತ್ತದೆ. ಯಾರಾದರೂ ಹೆಂಗಸು ಅಲ್ಲಿ ಒಬ್ಬಳೇ ಉಣ್ಣಲು ಬಂದಿರುತ್ತಾಳೆ.